ನುಂಗಿದ ಗುಳಿಗೆಯ ನೆರಳು

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಫಾರ್ಮಸಿ ವಿದ್ಯಾರ್ಥಿಗಳ ಮುಂದೆ ಗಜೇಂದ್ರಗಡದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಕಡೆಯ ಮನೆಗಳಲ್ಲಿ ಎಕ್ಸ್-ರೇ ಚಿತ್ರ ಎಲ್ಲಿರುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಟ್ರಂಕಿನ ಮೇಲೆ, ಇಲ್ಲವೆ ಗೂಟಕ್ಕೆ ನೇತುಹಾಕಿದ ಕೈಚೀಲದಲ್ಲಿ, ಒಂದು ದೊಡ್ಡ ಲಕೋಟೆಯೊಳಗೆ. ಅಜ್ಜನ ಸೊಂಟದ್ದು ಒಂದು, ಅವ್ವನ ಎದೆಯದು ಒಂದು. ವೈದ್ಯರು ಅದನ್ನು ಒಂದೇ ಒಂದು ಸಲ ಬೆಳಕಿಗೆ ಹಿಡಿದು ನೋಡಿ, 'ಎಲಬು ಸವದಾವ' ಎಂದು ಹೇಳಿರುತ್ತಾರೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಮುಂದೆ ಅದು ಹೊರಗೆ ಬರುವುದು ಗ್ರಹಣದ ದಿನ, ಮಕ್ಕಳು ಸೂರ್ಯನನ್ನು ನೋಡಲು. (ಹಾಗೆ ನೋಡುವುದು ಕಣ್ಣಿಗೆ ಅಪಾಯ. ಮನೆಗೆ ಹೋದಮೇಲೆ ತಮ್ಮ ತಂಗಿಯರಿಗೆ ಹೇಳಿ.) ಕೊನೆಗೆ ಗುಜರಿಯವನ ಚೀಲ ಸೇರುತ್ತದೆ. ಹಳೆಯ ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುವುದರಿಂದ ಅದಕ್ಕೂ ಒಂದು ಬೆಲೆ ಇದೆ.

ಆ ಲಕೋಟೆಯನ್ನು ಫಾರ್ಮಸಿ ತರಗತಿಗೆ ತರಬೇಕು ಎಂದು ನಿಮ್ಮನ್ನೂ ನಿಮ್ಮ ಗುರುಗಳನ್ನೂ ಕೇಳಿಕೊಳ್ಳಲು ನಾನು ಬಂದಿದ್ದೇನೆ.

'ನಾವು ಔಷಧ ಓದುವವರು, ರೋಗ ಓದುವವರಲ್ಲ. ಎಕ್ಸ್-ರೇ ನಮಗೇಕೆ?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿ ಬೇರಿಯಂ ಸಲ್ಫೇಟ್ ಎಂಬ ಹೆಸರನ್ನು ನೀವು ಓದಿರುತ್ತೀರಿ. ಬಿಳಿ ಪುಡಿ, ನೀರಿನಲ್ಲಿ ಕರಗದು, ಎಕ್ಸ್-ರೇ ಪರೀಕ್ಷೆಯಲ್ಲಿ ಬಳಸುವರು ಎಂಬ ಎರಡು ಸಾಲು. ಪರೀಕ್ಷೆಗೆ ಅಷ್ಟೇ ಸಾಕು. ಆ ಬಿಳಿ ಪುಡಿಯನ್ನು ಕುಡಿದವರ ಹೊಟ್ಟೆಯ ಚಿತ್ರವನ್ನು ನಿಮ್ಮಲ್ಲಿ ಎಷ್ಟು ಜನ ಕಂಡಿದ್ದೀರಿ? ಕೈ ಎತ್ತಿ ನೋಡೋಣ. ಇಬ್ಬರು. ಅವರಲ್ಲಿ ಒಬ್ಬರು ತಮ್ಮ ತಂದೆಯ ಚಿತ್ರವನ್ನು ನೋಡಿದವರಂತೆ.

ಎಕ್ಸ್-ರೇ ಚಿತ್ರ ಎಂದರೆ ಫೋಟೊ ಅಲ್ಲ, ನೆರಳು. ನಮ್ಮ ಊರುಗಳಿಗೆ ಬರುತ್ತಿದ್ದ ಕಿಳ್ಳೇಕ್ಯಾತರ ತೊಗಲು ಗೊಂಬೆಯಾಟ ನಿಮ್ಮ ಹಿರಿಯರಿಗೆ ನೆನಪಿದ್ದೀತು. ಹಿಂದೆ ದೀಪ, ಮುಂದೆ ಬಿಳಿ ಪರದೆ, ನಡುವೆ ಗೊಂಬೆ. ಇಲ್ಲಿಯೂ ಅದೇ ಏರ್ಪಾಡು: ಒಂದು ಕಡೆ ಕಿರಣ, ಇನ್ನೊಂದು ಕಡೆ ಫಿಲ್ಮು, ನಡುವೆ ಮನುಷ್ಯ. ಮೂಳೆ ಕಿರಣವನ್ನು ತಡೆಯುತ್ತದೆ, ಅದರ ಹಿಂದಿನ ಫಿಲ್ಮು ಬೆಳ್ಳಗೆ ಉಳಿಯುತ್ತದೆ. ಶ್ವಾಸಕೋಶದ ಗಾಳಿ ತಡೆಯುವುದಿಲ್ಲ, ಅಲ್ಲಿ ಫಿಲ್ಮು ಕಪ್ಪಾಗುತ್ತದೆ. ಜರ್ಮನಿಯ ರಾಂಟ್‌ಜೆನ್ 1895ರ ನವೆಂಬರ್ 8ರಂದು ಈ ಕಿರಣವನ್ನು ಕಂಡು, ಡಿಸೆಂಬರ್ 22ರಂದು ತನ್ನ ಹೆಂಡತಿಯ ಕೈಯ ಚಿತ್ರ ತೆಗೆದ. ಬೆರಳ ಮೂಳೆ, ಅದರ ಮೇಲೆ ತೇಲುತ್ತಿರುವಂತೆ ಉಂಗುರ. ಆ ಚಿತ್ರ ಕೆಲವೇ ವಾರಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು.

ಆದರೆ ಹೊಟ್ಟೆ, ಕರುಳು ಮೆತ್ತಗಿನ ಅಂಗಗಳು. ಅವುಗಳ ನೆರಳು ಸರಿಯಾಗಿ ಬೀಳದು. ಈ ತೊಡಕನ್ನು ಬಿಡಿಸಿದವರಲ್ಲಿ ಒಬ್ಬ ನಿಮ್ಮಂತೆಯೇ ಮೊದಲ ವರ್ಷದ ವಿದ್ಯಾರ್ಥಿ. ಹೆಸರು ವಾಲ್ಟರ್ ಕ್ಯಾನನ್. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಗೆ 1896ರಲ್ಲಿ ಸೇರಿದ ಈ ಹುಡುಗ ಅದೇ ವರ್ಷದ ಡಿಸೆಂಬರಿನಲ್ಲಿ ನಾಯಿಗೆ ಒಂದು ಗುಂಡಿಯನ್ನು ನುಂಗಿಸಿ, ಅದು ಗಂಟಲಿನಿಂದ ಕೆಳಗಿಳಿಯುವುದನ್ನು ಎಕ್ಸ್-ರೇಯಲ್ಲಿ ನೋಡಿದ. ಆಮೇಲೆ ಹೆಬ್ಬಾತು, ಬೆಕ್ಕು. ಆಹಾರಕ್ಕೆ ಬಿಸ್ಮತ್ ಲವಣ ಕಲಸಿ ತಿನ್ನಿಸಿದರೆ ಜಠರದ ಅಲೆಯಂಥ ಚಲನೆ ಪರದೆಯ ಮೇಲೆ ಕಾಣುತ್ತಿತ್ತು. ಒಂದು ವಿಚಿತ್ರವೂ ಅವನ ಕಣ್ಣಿಗೆ ಬಿತ್ತು. ಬೆಕ್ಕು ಸಿಟ್ಟಾದಾಗ, ಹೆದರಿದಾಗ, ಆ ಅಲೆ ತಟಕ್ಕನೆ ನಿಂತುಬಿಡುತ್ತಿತ್ತು. ಸಮಾಧಾನವಾದಾಗ ಮತ್ತೆ ಶುರು. ಭಯ ಮತ್ತು ಕೋಪ ದೇಹವನ್ನು ಹೇಗೆ ಆಳುತ್ತವೆ ಎಂಬ ಕ್ಯಾನನ್ನನ ಪ್ರಸಿದ್ಧ ಸಿದ್ಧಾಂತದ ಬೇರು ಈ ಬೆಕ್ಕಿನ ಹೊಟ್ಟೆಯಲ್ಲಿದೆ. ಅಡ್ರಿನಲಿನ್ ಪಾಠವನ್ನು ಬಾಯಿಪಾಠ ಮಾಡಿ ಸುಸ್ತಾದವರು ಈ ಬೆಕ್ಕನ್ನು ಒಮ್ಮೆ ನೆನೆದರೆ ಅರ್ಧ ಪಾಠ ತಾನಾಗಿ ಬರುತ್ತದೆ. ಕಿರಣದ ಅಪಾಯ ಆಗ ಇನ್ನೂ ಪೂರ್ತಿಯಾಗಿ ತಿಳಿದಿರಲಿಲ್ಲ. ಆ ದಿನಗಳಲ್ಲಿ ತಗುಲಿದ ಸುಟ್ಟಗಾಯ ಮತ್ತು ಕಾಯಿಲೆಯನ್ನು ಕ್ಯಾನನ್ ಕೊನೆಯವರೆಗೂ ಅನುಭವಿಸಿದ.

ಬಿಸ್ಮತ್ತಿನ ಜಾಗಕ್ಕೆ 1910ರ ಸುಮಾರಿಗೆ ಬೇರಿಯಂ ಸಲ್ಫೇಟ್ ಬಂತು. ಇದು ಅಗ್ಗ, ಕರಗುವುದಿಲ್ಲ, ಬಾಯಿಂದ ಹೋದದ್ದು ಹಾಗೆಯೇ ಹೊರಗೆ ಹೋಗುತ್ತದೆ. ಬೇರಿಯಂ ಸ್ವತಃ ವಿಷ. ಆದರೆ ಸಲ್ಫೇಟ್ ರೂಪದಲ್ಲಿ ಜಠರದ ಆಮ್ಲಕ್ಕೂ ಅದು ಬಗ್ಗುವುದಿಲ್ಲ. ಅದರ ಅಣ್ಣತಮ್ಮ ಬೇರಿಯಂ ಕಾರ್ಬೊನೇಟ್ ಹಾಗಲ್ಲ. ನೋಡಲು ಅದೂ ಬಿಳಿ ಪುಡಿ, ನೀರಿನಲ್ಲಿ ಅದೂ ಸರಿಯಾಗಿ ಕರಗದು. ಹೊಟ್ಟೆಯ ಆಮ್ಲ ತಾಗಿದೊಡನೆ ಮಾತ್ರ ಕರಗಿ ರಕ್ತಕ್ಕೆ ಸೇರುತ್ತದೆ. ಇಲಿ ಪಾಷಾಣವಾಗಿ ಬಳಸುತ್ತಿದ್ದ ವಸ್ತು ಅದು. ಬ್ರೆಜಿಲ್ ದೇಶದಲ್ಲಿ 2003ರಲ್ಲಿ ಎಕ್ಸ್-ರೇ ಪರೀಕ್ಷೆಗೆಂದು ಕುಡಿಸಿದ ಬೇರಿಯಂ ಸಲ್ಫೇಟಿನಲ್ಲಿ ಕಾರ್ಬೊನೇಟ್ ಬೆರೆತಿತ್ತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ರೋಗ ಏನೆಂದು ತಿಳಿಯಲು ಹೋದವರು ಅವರು.

ನಿಮ್ಮ ಪ್ರಯೋಗಶಾಲೆಯಲ್ಲಿ 'ಕರಗುವ ಬೇರಿಯಂ ಇದೆಯೇ' ಎಂದು ನೋಡುವ ಒಂದು ಪರೀಕ್ಷೆ ಇದೆ. ಪುಡಿಗೆ ಆಮ್ಲ ಹಾಕು, ಸೋಸು, ಮಬ್ಬಾಗುತ್ತದೆಯೋ ನೋಡು. ಪಕ್ಕದವನ ದಾಖಲೆ ಪುಸ್ತಕ ನೋಡಿ ಫಲಿತಾಂಶ ಬರೆಯುವ ಪರೀಕ್ಷೆ ಅದು, ನನಗೂ ಗೊತ್ತು, ನಾನೂ ಹಾಗೆಯೇ ಬರೆದಿದ್ದೇನೆ. ಬೇರಿಯಂ ಕುಡಿದವರ ಕರುಳಿನ ಬಿಳಿ ಚಿತ್ರವನ್ನು ಗೋಡೆಗೆ ತೂಗುಹಾಕಿ, ಬ್ರೆಜಿಲ್ಲಿನ ಕಥೆ ಹೇಳಿ, ಆಮೇಲೆ ಆ ಪ್ರಯೋಗ ಮಾಡಿಸಿದರೆ ಯಾವ ಹುಡುಗನೂ ಪಕ್ಕದವನದನ್ನು ನೋಡಿ ಬರೆಯಲಾರ.

ಈಗ ಗುಳಿಗೆಯ ವಿಷಯ. ಗುಳಿಗೆ ನುಂಗಿದರೆ ಅದು ನೇರ ಹೊಟ್ಟೆಗೆ ಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಪುಸ್ತಕದ ಚಿತ್ರದಲ್ಲಿಯೂ ಬಾಯಿಂದ ಜಠರಕ್ಕೆ ಒಂದು ಬಾಣದ ಗುರುತು ಇರುತ್ತದೆ. ಬ್ರಿಟನ್ನಿನ ಇಬ್ಬರು ವೈದ್ಯರು, ಎವನ್ಸ್ ಮತ್ತು ರಾಬರ್ಟ್ಸ್, ಈ ಬಾಣವನ್ನು ಪರೀಕ್ಷಿಸಿ ನೋಡಿದರು. ಆಸ್ಪಿರಿನ್ ಗುಳಿಗೆಯ ಆಕಾರದ್ದೇ ಬೇರಿಯಂ ಗುಳಿಗೆ ಮಾಡಿ, ಸುಮಾರು ನೂರು ಜನರಿಗೆ ನುಂಗಿಸಿ, ಎಕ್ಸ್-ರೇಯಲ್ಲಿ ಹಿಂಬಾಲಿಸಿದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಐದು ನಿಮಿಷ ಕಳೆದರೂ ಗುಳಿಗೆ ಅನ್ನನಾಳದಲ್ಲಿಯೇ ಇತ್ತು. 1976ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಗುಳಿಗೆ ಹೀಗೆ ಸಿಕ್ಕಿಕೊಂಡದ್ದು ಎಷ್ಟೋ ಸಲ ನುಂಗಿದವರಿಗೇ ಗೊತ್ತಾಗುವುದಿಲ್ಲ. ಡಾಕ್ಸಿಸೈಕ್ಲಿನ್, ನೋವಿನ ಗುಳಿಗೆ, ಕಬ್ಬಿಣದ ಗುಳಿಗೆ, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಇವು ಅಲ್ಲಿಯೇ ಕರಗಿದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಆರು ವರ್ಷಗಳ ನಂತರ, 1982ರಲ್ಲಿ, ಇದೇ ಬಗೆಯ ಇನ್ನೊಂದು ಅಧ್ಯಯನ ಪರಿಹಾರವನ್ನೂ ಹೇಳಿತು. ನಿಂತು ನುಂಗಬೇಕು, ಕಡಿಮೆಯೆಂದರೂ 100 ಮಿಲಿಲೀಟರ್ ನೀರು ಕುಡಿಯಬೇಕು, ನುಂಗಿದ ಮೇಲೆ ಒಂದೂವರೆ ನಿಮಿಷವಾದರೂ ಮಲಗಬಾರದು.

ನಮ್ಮ ಮನೆಗಳನ್ನು ನೆನಪಿಸಿಕೊಳ್ಳಿ. ರಾತ್ರಿ ಊಟವಾಗಿ ಹಾಸಿಗೆ ಹಾಸಿದ ಮೇಲೆ ಅಜ್ಜನಿಗೆ ಗುಳಿಗೆಯ ನೆನಪಾಗುತ್ತದೆ. ಸೊಸೆ ತಂಬಿಗೆ ತರುವಷ್ಟರಲ್ಲಿ ಆತ ಉಗುಳು ನುಂಗಿದಂತೆ ಗುಳಿಗೆ ನುಂಗಿ ಮಗ್ಗುಲಾಗಿರುತ್ತಾನೆ. ಬೇಸಗೆಯಲ್ಲಿ ನೀರಿನ ತತ್ವಾರ ಇರುವ ಊರಿನಲ್ಲಿ ಒಂದು ಗುಟುಕೇ ಹೆಚ್ಚು. ಬೆಳಿಗ್ಗೆ ಎದೆ ಉರಿ ಎಂದರೆ ಅದಕ್ಕೊಂದು ಬೇರೆ ಗುಳಿಗೆ. 'ನೀರು ಕುಡೀರಿ' ಎಂದು ಅಂಗಡಿಯ ಹುಡುಗ ಹೇಳುವುದಿಲ್ಲವೆಂದಲ್ಲ, ಹೇಳುತ್ತಾನೆ. ಆದರೆ ಎದೆಗೂಡಿನ ನಡುವೆ ಬಿಳಿ ಚುಕ್ಕೆಯಾಗಿ ಸಿಕ್ಕಿಕೊಂಡ ಗುಳಿಗೆಯನ್ನು ಕಣ್ಣಾರೆ ಕಂಡವನು ಹೇಳುವ ರೀತಿಯೇ ಬೇರೆ. 'ಅಜ್ಜಾರ, ಕುಂತು ನುಂಗ್ರಿ, ತುಂಬಿದ ಗ್ಲಾಸ್ ನೀರು ಕುಡೀರಿ, ಕುಡದ ಕೂಡ್ಲೇ ಅಡ್ಡಾಗಬ್ಯಾಡ್ರಿ' ಎನ್ನುತ್ತಾನೆ. ಏಕೆ ಎಂದು ಕೇಳಿದರೆ ಅವನ ಬಳಿ ಉತ್ತರವಿರುತ್ತದೆ.

ಇನ್ನೊಂದು ಚಿತ್ರ ತರಗತಿಯಲ್ಲಿ ಇರಲೇಬೇಕು. ಕಬ್ಬಿಣದ ಗುಳಿಗೆಗಳನ್ನು ಮಿಠಾಯಿ ಎಂದು ತಿಳಿದು ನುಂಗಿದ ಮಗುವಿನ ಹೊಟ್ಟೆಯ ಎಕ್ಸ್-ರೇ. ಕಬ್ಬಿಣ ಕಿರಣವನ್ನು ತಡೆಯುವುದರಿಂದ ಇನ್ನೂ ಕರಗದ ಗುಳಿಗೆಗಳು ಮಣಿಗಳಂತೆ ಬೆಳ್ಳಗೆ ಕಾಣುತ್ತವೆ, ಎಣಿಸಲೂಬಹುದು. ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಕೆಂಪು ಗುಳಿಗೆ ಪ್ರತಿ ಓಣಿಯಲ್ಲಿಯೂ ಇದೆ. ಬಸುರಿಗೆ ಅಮೃತವಾದದ್ದು ಎರಡು ವರ್ಷದ ಕೂಸಿಗೆ ಪ್ರಾಣಾಂತಕ. ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಚಿತ್ರ ನೋಡಿದವರು ಗುಳಿಗೆಯ ಚೀಟಿಯನ್ನು ಎತ್ತರದಲ್ಲಿಡಲು ತಾವೇ ಹೇಳುತ್ತಾರೆ.

ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ನಮ್ಮ ನೆಲದ್ದೇ ಒಂದು ಚಿತ್ರ.

ಗದಗ ಜಿಲ್ಲೆಯ ಮುಂಡರಗಿ, ರೋಣ ಭಾಗದ ಅನೇಕ ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ನರಗುಂದದ ಎರೆ ನೆಲದ ನೀರಿನ ಕಷ್ಟ ಇನ್ನೊಂದು ಬಗೆಯದು, ಅಲ್ಲಿ ಸವಳು. ನೆಲದ ಕೆಳಗಿನ ಬಂಡೆಯಲ್ಲಿರುವ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಬರಗಾಲ ಬಂದಷ್ಟೂ ಕೊಳವೆ ಆಳಕ್ಕೆ ಹೋಗುತ್ತದೆ, ಬಂಡೆಯ ನಡುವೆ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಇಲ್ಲವೆಂದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಪಟ್ಟಿ. ಆಮೇಲೆ ದೊಡ್ಡವರ ಮೂಳೆ.

ಆ ಮೂಳೆಯ ಚಿತ್ರ ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ಬೆನ್ನೆಲುಬಿನ ಮೂಳೆಗಳು ಸುಣ್ಣ ಬಳಿದಂತೆ ಬೆಳ್ಳಗಾಗಿರುತ್ತವೆ. ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಎರಡು ಮೂಳೆಗಳಿವೆಯಲ್ಲ, ಅವೆರಡರ ನಡುವಿನ ತೆಳು ಪೊರೆ ಸಾಮಾನ್ಯವಾಗಿ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಇಲ್ಲಿ ಅದೂ ಗಟ್ಟಿಯಾಗಿ, ಮೂಳೆಯ ಅಂಚಿನಿಂದ ಮುಳ್ಳು ಮೂಡಿದಂತೆ ಕಾಣುತ್ತದೆ. ಭಾರತದಲ್ಲಿ ಈ ಕಾಯಿಲೆಯನ್ನು 1937ರಲ್ಲಿ ವರ್ಣಿಸಿದವರು ಶಾರ್ಟ್ ಮತ್ತು ಅವರ ಸಂಗಡಿಗರು, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಬಾವಿಯ ನೀರನ್ನೂ ಜನರ ಬಾಗಿದ ಬೆನ್ನನ್ನೂ ಜೋಡಿಸುವಲ್ಲಿ ಮೂಳೆಯ ಚಿತ್ರಗಳು ನೆರವಾದವು.

ಫ್ಲೋರೈಡಿಗೆ ಮೂಳೆ ಎಂದರೆ ಎಷ್ಟು ಪ್ರೀತಿ ಎಂಬುದಕ್ಕೆ ದೊಡ್ಡ ಆಸ್ಪತ್ರೆಗಳಲ್ಲಿ ಇನ್ನೊಂದು ಸಾಕ್ಷಿ ಸಿಗುತ್ತದೆ. ಫ್ಲೋರಿನ್-18 ಎಂಬ ವಿಕಿರಣಶೀಲ ರೂಪವನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಕೊಟ್ಟರೆ ಅದು ಮೂಳೆಗೇ ಹೋಗಿ ಕೂರುತ್ತದೆ. ಕ್ಯಾಮರಾದಲ್ಲಿ ಇಡೀ ಅಸ್ಥಿಪಂಜರ ಬೆಳಗುತ್ತದೆ. ಸುಮಾರು 110 ನಿಮಿಷಕ್ಕೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುವುದರಿಂದ ಒಂದು ದಿನದಲ್ಲಿ ಬಹುತೇಕ ಮಾಯ. ಕೊಳವೆ ಬಾವಿಯ ಫ್ಲೋರೈಡ್ ಹಿಡಿಯುವ ದಾರಿಯೂ ಇದೇ. ಆದರೆ ಅದು ಬೆಳಗುವುದಿಲ್ಲ, ಒಂದು ದಿನದಲ್ಲಿ ಮಾಯವಾಗುವುದೂ ಇಲ್ಲ.

ಇದರಲ್ಲಿ ಫಾರ್ಮಸಿಯವರ ಪಾತ್ರವೇನು? ಒಂದು ದೃಶ್ಯ ಹೇಳುತ್ತೇನೆ, ನಿಮಗೆ ಪರಿಚಿತವಾದದ್ದೇ. ಸಂತೆಯ ದಿನ. ಐವತ್ತರ ಆಸುಪಾಸಿನ ಹೆಣ್ಣುಮಗಳು ಸೊಂಟ ಹಿಡಿದುಕೊಂಡು ಮೆಡಿಕಲ್ ಅಂಗಡಿಯ ಕಟ್ಟೆ ಏರುತ್ತಾಳೆ. 'ತಮ್ಮಾ, ಸೊಂಟ, ಮೊಣಕಾಲು ಭಾಳ ನೋಯಾಕ ಹತ್ಯಾವಪಾ. ಹೋದ ಸಂತಿಗೆ ಕೊಟ್ಟಿದ್ಯಲ್ಲ, ಆ ಗುಳಿಗಿ ಹತ್ತು ಕೊಡು.' ಡೈಕ್ಲೊಫೆನ್ಯಾಕ್ ಷೆಡ್ಯೂಲ್ ಎಚ್ ಪಟ್ಟಿಯ ಔಷಧ, ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ. ಕಾನೂನು ಅಲ್ಲಿರುತ್ತದೆ, ಗುಳಿಗೆ ಇಲ್ಲಿ ಕೈ ಬದಲಾಗುತ್ತದೆ. ಹೀಗೆ ವರ್ಷಗಟ್ಟಲೆ ನಡೆಯುತ್ತದೆ.

ಈಗ ಕೂಡಿಸಿ ನೋಡಿ. ದೇಹಕ್ಕೆ ಹೋದ ಫ್ಲೋರೈಡಿನಲ್ಲಿ ಸುಮಾರು ಅರ್ಧವನ್ನು ಹೊರಹಾಕುವುದು ಮೂತ್ರಪಿಂಡ. ನೋವಿನ ಗುಳಿಗೆಯನ್ನು ಬಹುಕಾಲ ನುಂಗಿದರೆ ಹಾನಿಯಾಗಬಹುದಾದ ಅಂಗವೂ ಮೂತ್ರಪಿಂಡವೇ. ಅದು ಸೋತರೆ ಫ್ಲೋರೈಡ್ ಒಳಗೇ ಉಳಿಯುತ್ತದೆ, ಮೂಳೆಗೆ ಇನ್ನಷ್ಟು ಸೇರುತ್ತದೆ, ನೋವು ಹೆಚ್ಚುತ್ತದೆ, ಗುಳಿಗೆ ಹೆಚ್ಚುತ್ತದೆ. ನೀರಿನಿಂದ ಬಂದ ನೋವಿಗೆ ನಾವು ಕೊಟ್ಟ ಔಷಧ ಆ ನೀರಿನ ಕೆಲಸಕ್ಕೇ ಕೈ ಜೋಡಿಸಿದಂತಾಯಿತು. ಈ ಸರಪಳಿಯ ಒಂದೊಂದು ಕೊಂಡಿಯೂ ನಿಮ್ಮ ಪಠ್ಯದಲ್ಲಿದೆ. ಒಂದು ಕೊಂಡಿ ಶರೀರಶಾಸ್ತ್ರದಲ್ಲಿ, ಇನ್ನೊಂದು ಔಷಧಶಾಸ್ತ್ರದಲ್ಲಿ, ಮತ್ತೊಂದು ರಸಾಯನಶಾಸ್ತ್ರದಲ್ಲಿ. ಮೂರು ಬೇರೆ ಪುಸ್ತಕ, ಮೂವರು ಬೇರೆ ಮೇಷ್ಟ್ರು. ಒಂದು ಮುಂಗೈಯ ಎಕ್ಸ್-ರೇ ಮೂರನ್ನೂ ಒಂದೇ ತಾಸಿನಲ್ಲಿ ಎದುರಿಗಿಡುತ್ತದೆ.

ಆ ಚಿತ್ರ ಕಂಡ ಹುಡುಗ ಕಟ್ಟೆಯ ಹಿಂದೆ ನಿಂತಾಗ ಇನ್ನೊಂದು ಪ್ರಶ್ನೆ ಕೇಳಬಲ್ಲ. 'ಯಮ್ಮಾ, ನಿಮ್ಮ ಮನ್ಯಾಗ ಕುಡಿಯೋ ನೀರು ಬೋರಿಂದೋ, ಹೊಳೀದೋ? ಓಣ್ಯಾಗ ಇನ್ನ ಯಾರಿಗರ ಹಿಂಗ ಆಗೈತೇನ್ರಿ?' ಹಾಗೆ ಕೇಳಿ ಅವಳನ್ನು ಆಸ್ಪತ್ರೆಗೆ ಕಳಿಸಬಲ್ಲ. ಶುದ್ಧ ನೀರಿನ ಘಟಕವೋ ಮಲಪ್ರಭೆಯ ನೀರೋ ಊರಿಗೆ ಬಂದಿದ್ದರೆ ಕುಡಿಯಲು, ಅಡುಗೆಗೆ ಅದನ್ನೇ ಬಳಸಿ ಎಂದು ಹೇಳಬಲ್ಲ. ಘಟಕ ಕೆಟ್ಟು ನಿಂತಾಗ ಜನ ಮತ್ತೆ ಬೋರಿನ ಕಡೆಗೇ ಕೊಡ ಹಿಡಿದು ಹೋಗುತ್ತಾರೆ. ಅದನ್ನೂ ಅವನು ಗಮನಿಸಬೇಕು. ಔಷಧ ಕೊಡುವಾಗ ತಿಳಿವಳಿಕೆಯ ಮಾತನ್ನೂ ಕೊಡಬೇಕೆಂದು 2015ರ ಫಾರ್ಮಸಿ ವೃತ್ತಿ ನಿಯಮಗಳು ಹೇಳುತ್ತವೆ. ಆದರೆ ಮಾತು ನಿಯಮದಿಂದ ಹುಟ್ಟುವುದು ಕಡಿಮೆ.

ಒಂದು ಎಚ್ಚರಿಕೆ. ಎಕ್ಸ್-ರೇ ನೋಡಿ ರೋಗ ಹೇಳುವುದು ನಿಮ್ಮ ಕೆಲಸವಲ್ಲ. ತರಗತಿಯಲ್ಲಿ ನಾಲ್ಕು ಫಿಲ್ಮು ನೋಡಿದ ಮಾತ್ರಕ್ಕೆ ಅಂಗಡಿಯಲ್ಲಿ ಯಾರದಾದರೂ ಫಿಲ್ಮನ್ನು ಬೆಳಕಿಗೆ ಹಿಡಿದು 'ಇದು ಫ್ಲೋರೈಡ್' ಎಂದರೆ ಅದಕ್ಕಿಂತ ದೊಡ್ಡ ಅನಾಹುತ ಬೇರೆ ಇಲ್ಲ. ಚಿತ್ರವೂ ಮೋಸ ಮಾಡುತ್ತದೆ. ಮೊಣಕಾಲಿನ ಮೂಳೆ ಪೂರ್ತಿ ಸವೆದಂತೆ ಕಂಡರೂ ನೋವಿಲ್ಲದೆ ಹೊಲಕ್ಕೆ ಹೋಗುವವರಿದ್ದಾರೆ. ಚಿತ್ರ ಚೊಕ್ಕವಾಗಿದ್ದೂ ನೋವಿನಿಂದ ನರಳುವವರಿದ್ದಾರೆ. ಹಾಗೆಯೇ, ಪಾಠಕ್ಕೆಂದು ಯಾರ ಎಕ್ಸ್-ರೇಯನ್ನೂ ಹೊಸದಾಗಿ ತೆಗೆಸಬಾರದು. ಕ್ಯಾನನ್ನನ ಕಾಲ ಮುಗಿದಿದೆ. ರೋಗಿಯ ಒಳಿತಿಗಾಗಿ ಒಮ್ಮೆ ತೆಗೆದದ್ದನ್ನು ಅವರ ಒಪ್ಪಿಗೆ ಪಡೆದು, ಮೂಲೆಯಲ್ಲಿರುವ ಹೆಸರು, ವಯಸ್ಸಿನ ಮೇಲೆ ಕಪ್ಪು ಪಟ್ಟಿ ಅಂಟಿಸಿ ಬಳಸಬೇಕು. ನಮ್ಮ ಊರುಗಳು ಸಣ್ಣವು, ಹೆಸರು ಕಂಡರೆ ಮನೆತನವೇ ತಿಳಿಯುತ್ತದೆ.

ಸಲಕರಣೆ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಿಟಕಿಯ ಗಾಜಿಗೆ ಬಿಳಿ ಕಾಗದ ಅಂಟಿಸಿದರೆ ಹಗಲಿನಲ್ಲಿ ಅದೇ ಬೆಳಕಿನ ಪೆಟ್ಟಿಗೆ. ಬಿಳಿ ಧೋತರದ ಹಿಂದೆ ಒಂದು ಬಲ್ಬು ಇಟ್ಟರೆ ರಾತ್ರಿಯೂ ಆದೀತು. ಈಗ ಆಸ್ಪತ್ರೆಗಳಲ್ಲಿ ಚಿತ್ರಗಳು ಕಂಪ್ಯೂಟರಿನಲ್ಲೇ ಉಳಿಯುತ್ತಿವೆ, ಮೊಬೈಲಿನಲ್ಲೂ ನೋಡಬಹುದು. ಆದರೆ ಐವತ್ತು ಜನ ಒಟ್ಟಿಗೆ ನೋಡಿ ಜಗಳವಾಡಲು ಗೋಡೆಯ ಮೇಲಿನ ಚಿತ್ರವೇ ಬೇಕು. ಮೊದಲು ಆರೋಗ್ಯವಂತರ ಚಿತ್ರ ತೋರಿಸಬೇಕು, ಪಕ್ಕದಲ್ಲಿ ಇನ್ನೊಂದು. ಮೇಷ್ಟ್ರು ಸುಮ್ಮನಿರಬೇಕು. ಇದು ಕಷ್ಟ, ನಮ್ಮ ಜಾತಿಗೆ ಬಾಯಿ ಮುಚ್ಚಿ ಗೊತ್ತಿಲ್ಲ. ವಿದ್ಯಾರ್ಥಿಗಳು ಕಂಡದ್ದನ್ನು ಹೇಳಲಿ, ತಪ್ಪಾದರೂ ಹೇಳಲಿ. ಕಡೆಗೆ ಒಂದೇ ಪ್ರಶ್ನೆ: ಈ ಚಿತ್ರದವರು ನಾಳೆ ನಿಮ್ಮ ಅಂಗಡಿಗೆ ಬಂದರೆ ಏನು ಹೇಳುತ್ತೀರಿ?

ಇನ್ನೊಂದು ಲಾಭವನ್ನು ಬಾಯಿಬಿಟ್ಟು ಹೇಳಲು ನಿಮಗೆ ಸಂಕೋಚ, ನಾನೇ ಹೇಳುತ್ತೇನೆ. ನಿಮ್ಮಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಇಲ್ಲಿಗೆ ಬಂದೊಡನೆ ದಪ್ಪ ಇಂಗ್ಲಿಷ್ ಪುಸ್ತಕ. ಈಸೊಫೇಗಸ್ ಎಂಬುದು ಅನ್ನನಾಳ ಎಂದು ತಿಳಿಯುವಷ್ಟರಲ್ಲಿ ಪಾಠ ಜಠರ ದಾಟಿ ಕರುಳಿಗೆ ಹೋಗಿರುತ್ತದೆ. ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿಯೊಬ್ಬಳು ಬೇರಿಯಂ ಚಿತ್ರದ ಎದುರು ನಿಂತು, 'ಸರ್, ಇದು ಹುಣಸಿಕಾಯಿಗತೆ ಬಾಗೈತಲ್ರಿ, ಗುಳಿಗಿ ಈ ತಗ್ಗಿನ್ಯಾಗ ಎಷ್ಟೊತ್ತು ಕುಂದರತೈತ್ರಿ?' ಎಂದು ಕೇಳಿದ್ದನ್ನು ನಾನು ಕೇಳಿದ್ದೇನೆ. ಗುಳಿಗೆ ಜಠರದಲ್ಲಿ ನಿಲ್ಲುವ ಅವಧಿ ಎಂದು ನಮ್ಮ ಪುಸ್ತಕಗಳಲ್ಲಿ ಒಂದು ಇಡೀ ಅಧ್ಯಾಯವಿದೆ. ಅದನ್ನು ಅವಳು ಇನ್ನೂ ಓದಿರಲಿಲ್ಲ.

ಮಾತು ಸಾಕು. ಆ ಕಡೆಯ ಪರದೆ ಸ್ವಲ್ಪ ಎಳೆಯಿರಿ, ಬಲ್ಬು ಹಚ್ಚಿ. ಇವು ಎರಡು ಮುಂಗೈಗಳು. ಎಡಗಡೆಯದು ಸಾಧಾರಣ ಕೈ. ಬಲಗಡೆಯದರಲ್ಲಿ ಎರಡು ಮೂಳೆಗಳ ನಡುವಿನ ಜಾಗವನ್ನು ನೋಡಿ. ಹಿಂದಿನ ಸಾಲಿನವರು ಹತ್ತಿರ ಬನ್ನಿ. ಏನು ಕಾಣುತ್ತದೆ, ನೀವೇ ಹೇಳಿ.